ಬಾಡದ ಅರಮನೆಯ ಮುಂದೆ

ಲಕ್ಷ್ಮೇಶ್ವರದಿಂದ ವಿದ್ಯಾರ್ಥಿಗಳೊಡನೆ ಶಿಗ್ಗಾವಿ ತಾಲೂಕಿನ ಬಾಡಕ್ಕೆ ಹೋಗಿದ್ದೆನು. ಬೀರಪ್ಪನಾಯಕ, ಬಚ್ಚಮ್ಮರ ಮಗ ತಿಮ್ಮಪ್ಪನು, ಮುಂದೆ ಕನಕದಾಸರಾದವರು, ಹುಟ್ಟಿ ಬೆಳೆದ ಊರದು. ಅಲ್ಲಿಯ ಅರಮನೆಯನ್ನು ನಮ್ಮ ಕಾಲದಲ್ಲಿ ಕಾಗಿನೆಲೆ ಅಭಿವೃದ್ಧಿ ಪ್ರಾಧಿಕಾರವು ಕಟ್ಟಿಸಿದೆ.

“ದಾಸರು ಚಿಕ್ಕಂದಿನಲ್ಲಿ ಆಡಿದ ಕಂಬ ಯಾವುದು, ಸರ್?” ಎಂದನೊಬ್ಬ ಹುಡುಗ.

ಉತ್ತರಕ್ಕೆ ತಡವರಿಸಿದೆನು. ಕಂಬಗಳು ಹೊಸವು, ನೆಲವೊಂದೇ ಹಳೆಯದು. ಇದನ್ನು ಜೀರ್ಣೋದ್ಧಾರವೆನ್ನದೆ ನೂತನ ಸ್ಮಾರಕವೆಂದು ಬಾಗಿಲಲ್ಲಿಯೇ ಬರೆಯುವುದು ಪ್ರಾಮಾಣಿಕತೆ. ಅಕ್ಕಿಯೆದುರು ರಾಗಿಯನ್ನು ಗೆಲ್ಲಿಸಿದ ‘ರಾಮಧಾನ್ಯಚರಿತೆ’ಯ ಕವಿಗೆ ಇಷ್ಟು ವೈಭವವೇಕೆಂದೂ ಅನಿಸದಿರಲಿಲ್ಲ. ಆದರೆ ಆತನು ತೊರೆದುಹೋದದ್ದು ಗುಡಿಸಲನ್ನಲ್ಲ, ನಾಯಕನ ಮನೆಯನ್ನು. ಆ ತ್ಯಾಗದ ತೂಕವನ್ನು ನನ್ನ ಪಾಠಕ್ಕಿಂತ ಈ ತೊಲೆಬಾಗಿಲುಗಳೇ ಮಕ್ಕಳಿಗೆ ಚೆನ್ನಾಗಿ ತಿಳಿಸಿದವು.

ಹುಡುಗನಿಗೆ ಅಂಗಳದ ಮಣ್ಣನ್ನು ತೋರಿಸಿದೆನು. ಅಷ್ಟರಲ್ಲಿ ಕಾಗಿನೆಲೆಗೆ ಹೊತ್ತಾಯಿತೆಂದು ಬಸ್ಸಿನವನು ಕೂಗಿದನು.