ಉಪಗ್ರಹ ಮಾಪನಕ್ಕೆ ಮೂಲಠಾಣೆಯನ್ನು ಸ್ಥಾಪಿಸುವ ಕ್ರಮ

ಕಬ್ಬಿನ ಜಮೀನುಗಳಲ್ಲಿ ಹನಿ ನೀರಾವರಿಯ ಕೊಳವೆಗಳನ್ನು ನೆಲದೊಳಗೆ ಹೂಳುವ ಪದ್ಧತಿಯಲ್ಲಿ ಒಂದು ತೊಂದರೆಯುಂಟು. ಕೂಳೆ ತೆಗೆದು ಮತ್ತೆ ನೆಡುವ ಕಾಲಕ್ಕೆ ಕೊಳವೆಯು ಎಲ್ಲಿದೆಯೆಂಬುದು ಕಣ್ಣಿಗೆ ಕಾಣದು. ನೇಗಿಲು ಒಂದು ಗೇಣು ಪಕ್ಕಕ್ಕೆ ಸರಿದರೂ ಕೊಳವೆ ಕತ್ತರಿಸಿ, ಮಾಡಿದ ವೆಚ್ಚವೆಲ್ಲ ಮಣ್ಣುಪಾಲಾಗುವುದು. ಮೊದಲ ವರ್ಷ ಹೊಡೆದ ಸಾಲನ್ನೇ ಹಿಡಿದು ಕೆಲವು ವರ್ಷಗಳ ತರುವಾಯವೂ ಟ್ರ್ಯಾಕ್ಟರನ್ನು ನಡೆಯಿಸಲು ಉಪಗ್ರಹ ಮಾಪನವು ಅನುಕೂಲವಾದ ಸಾಧನವಾಗಿದೆ. ಆದರೆ ಇದರ ಫಲವು ಯಂತ್ರದ ಬೆಲೆಗಿಂತ ಹೆಚ್ಚಾಗಿ ಮೂಲಠಾಣೆಯ ಸ್ಥಿರತೆಯನ್ನು ಅವಲಂಬಿಸಿದೆ.

ಮೂಲಠಾಣೆಯ ಅವಶ್ಯಕತೆ

ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸಂಚರಿಸುತ್ತವೆ. ಅವುಗಳ ತರಂಗಗಳು ವಾಯುಮಂಡಲವನ್ನು ಹಾದು ಬರುವಾಗ ತಡವಾಗುವುದೇ ಮೊದಲಾದ ಕಾರಣಗಳಿಂದ, ಒಂಟಿ ಗ್ರಾಹಕಯಂತ್ರವು ತೋರಿಸುವ ಸ್ಥಾನವು ಕೆಲವು ಮೀಟರುಗಳಷ್ಟು ತಪ್ಪಬಹುದು. ಸಮೀಪದಲ್ಲಿರುವ ಎರಡು ಗ್ರಾಹಕಗಳಿಗೆ ಈ ತಪ್ಪು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಆದಕಾರಣ ಒಂದು ಗ್ರಾಹಕವನ್ನು ಸ್ಥಾನ ಗೊತ್ತಿರುವ ಕಂಬದ ಮೇಲೆ ನಿಲ್ಲಿಸಿದರೆ, ಅದು ತನ್ನ ಸ್ಥಾನವನ್ನೂ ತಾನು ಅಳೆದುದನ್ನೂ ರೇಡಿಯೋ ಮೂಲಕ ತಿಳಿಸುವುದು. ಟ್ರ್ಯಾಕ್ಟರಿನ ಗ್ರಾಹಕವು ಅದನ್ನು ತನ್ನ ಅಳತೆಯೊಡನೆ ಹೋಲಿಸಿ, ಸುಮಾರು ೨ ಸೆಂಟಿಮೀಟರಿನಷ್ಟು ಸೂಕ್ಷ್ಮವಾಗಿ ತನ್ನ ಸ್ಥಾನವನ್ನು ನಿರ್ಣಯಿಸುವುದು. ಇವೆರಡರ ನಡುವಣ ದೂರವು ೧೦ ಕಿಲೋಮೀಟರಿನೊಳಗೆ ಇರುವುದು ಒಳ್ಳೆಯದು.

ಸ್ಥಳದ ಆಯ್ಕೆ

ಸುತ್ತಲೂ ಆಕಾಶವು ಬಯಲಾಗಿ ಕಾಣುವ ಸ್ಥಳವನ್ನು ಆರಿಸತಕ್ಕದ್ದು. ತೆಂಗಿನ ತೋಟದ ನೆರಳೂ ತಗಡಿನ ಛಾವಣಿಯ ಮಗ್ಗುಲೂ ಯೋಗ್ಯವಲ್ಲ. ತಗಡು ತರಂಗಗಳನ್ನು ಪ್ರತಿಫಲಿಸಿ ಅಳತೆಯನ್ನು ಕೆಡಿಸುವುದು. ಎರೆಭೂಮಿಯು ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವುದರಿಂದ, ಕಾಂಕ್ರೀಟಿನ ಕಂಬದ ಅಡಿಪಾಯವು ಕೆಳಗಿನ ಗಟ್ಟಿ ಪದರದವರೆಗೆ ಇಳಿದಿರಬೇಕು.

ಸ್ಥಾನದ ನಿರ್ಣಯ

ಹೆಚ್ಚಿನ ತಪ್ಪುಗಳು ಸಂಭವಿಸುವುದು ಇಲ್ಲಿಯೇ. ಪ್ರತಿದಿನ ಬೆಳಿಗ್ಗೆ ಯಂತ್ರವು ಕೆಲವು ನಿಮಿಷ ಅಳೆದು ತನ್ನ ಸ್ಥಾನವನ್ನು ತಾನೇ ಗೊತ್ತುಮಾಡಿಕೊಳ್ಳುವಂತೆ ಏರ್ಪಡಿಸಬಹುದು. ಆದರೆ ಹೀಗೆ ದೊರೆತ ಸ್ಥಾನವು ದಿನದಿಂದ ದಿನಕ್ಕೆ ಒಂದು ಮೀಟರು ಅಥವಾ ಅದಕ್ಕೂ ಹೆಚ್ಚು ವ್ಯತ್ಯಾಸವಾಗಬಹುದು. ಠಾಣೆಯ ಲೆಕ್ಕವು ಸರಿದಷ್ಟೇ ಜಮೀನಿನ ಸಾಲುಗಳೂ ಸರಿಯುವುವು. ಆ ದಿನದ ಮಟ್ಟಿಗೆ ಸಾಲುಗಳು ನೇರವಾಗಿಯೇ ಕಾಣುವುದರಿಂದ ಈ ತಪ್ಪು ಯಾರಿಗೂ ತಿಳಿಯದು. ಕೊಳವೆ ತುಂಡಾದ ಮೇಲೆಯೇ ತಿಳಿಯುವುದು.

ಆದುದರಿಂದ ಪ್ರಾರಂಭದಲ್ಲಿ ಒಂದು ಹಗಲು ಒಂದು ರಾತ್ರಿ ಅಳತೆಗಳನ್ನು ಸಂಗ್ರಹಿಸಿ, ಭಾರತೀಯ ಸರ್ವೇಕ್ಷಣ ಇಲಾಖೆಯವರು ಕರ್ನಾಟಕದಲ್ಲಿ ನಿಲ್ಲಿಸಿರುವ ನಿರಂತರ ಠಾಣೆಗಳಿಗೆ ಹೋಲಿಸಿ, ಕಂಬದ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ಲೆಕ್ಕಮಾಡಿಸಬೇಕು. ಆ ಅಂಕಿಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಪ್ರತಿಸಾರಿಯೂ ಅವನ್ನೇ ಯಂತ್ರಕ್ಕೆ ಕೊಡತಕ್ಕದ್ದು.

ಎರಡು ರೇಡಿಯೋಗಳು

ಒಂದು ರೇಡಿಯೋ ಠಾಣೆಯಲ್ಲಿಯೂ ಮತ್ತೊಂದು ಟ್ರ್ಯಾಕ್ಟರಿನಲ್ಲಿಯೂ ಇರಬೇಕು. ಎರಡಕ್ಕೂ ತರಂಗಸಂಖ್ಯೆ, ವೇಗ, ಜಾಲದ ಗುರುತು ಒಂದೇ ಆಗಿರತಕ್ಕದ್ದು. ಒಂದರಲ್ಲಿ ಭೇದವಾದರೂ ಸಂದೇಶವು ಮುಟ್ಟುವುದಿಲ್ಲ. ಆಂಟೆನಾ ಜೋಡಿಸದೆ ರೇಡಿಯೋಗೆ ವಿದ್ಯುತ್ತು ಕೊಡಬಾರದು. ಕೊಟ್ಟರೆ ಯಂತ್ರವು ಕೆಡುವ ಸಂಭವವುಂಟು. ಶಕ್ತಿಯನ್ನು ಹೆಚ್ಚಿಸುವುದಕ್ಕಿಂತ ಆಂಟೆನಾವನ್ನು ಎತ್ತರಕ್ಕೆ ಏರಿಸುವುದರಿಂದ ಹೆಚ್ಚು ಪ್ರಯೋಜನವುಂಟು. ಭಾರತದಲ್ಲಿ ೮೬೫ರಿಂದ ೮೬೮ ಮೆಗಾಹರ್ಟ್ಸ್ ವರೆಗಿನ ತರಂಗಗಳನ್ನು ನಿಯಮಿತ ಶಕ್ತಿಯೊಳಗೆ ಪರವಾನಿಗೆಯಿಲ್ಲದೆ ಉಪಯೋಗಿಸಬಹುದು. ಅಮೆರಿಕಾ ದೇಶಕ್ಕಾಗಿ ತಯಾರಾದ ೯೧೫ ಮೆಗಾಹರ್ಟ್ಸಿನ ರೇಡಿಯೋಗಳಿಗೆ ಇಲ್ಲಿ ಈ ವಿನಾಯಿತಿ ಇಲ್ಲವಾದುದರಿಂದ ಅವುಗಳನ್ನು ಕೊಳ್ಳಬಾರದು.

ಪರೀಕ್ಷೆ

ಜಮೀನಿನ ಅಂಚಿನಲ್ಲಿ ಮತ್ತೊಂದು ಕಲ್ಲನ್ನು ನೆಟ್ಟು ಅದರ ಸ್ಥಾನವನ್ನೂ ಬರೆದಿಡಬೇಕು. ಪ್ರತಿದಿನ ಕೆಲಸಕ್ಕೆ ಮುಂಚೆ ಸಂಚಾರಿ ಗ್ರಾಹಕದ ಆಂಟೆನಾವನ್ನು ಅದರ ಮೇಲೆ ಹಿಡಿದು ನೋಡಿ, ಅಂಕಿಗಳು ೩-೪ ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಾದರೆ ಕೆಲಸವನ್ನು ನಿಲ್ಲಿಸಿ ಕಾರಣವನ್ನು ಹುಡುಕತಕ್ಕದ್ದು. ಗ್ರಾಹಕವು ‘ಫಿಕ್ಸ್’ ಎಂದು ತೋರಿಸಿದ ಹೊರತು ಸಾಲು ಹೊಡೆಯಬಾರದು. ‘ಫ್ಲೋಟ್’ ಎಂದಿದ್ದರೆ ಅಳತೆಯು ಇನ್ನೂ ನಿಶ್ಚಯವಾಗಿಲ್ಲವೆಂದರ್ಥ. ದಕ್ಷಿಣ ಭಾರತವು ಭೂಕಾಂತದ ಸಮಭಾಜಕಕ್ಕೆ ಸಮೀಪವಿರುವುದರಿಂದ, ಮುಖ್ಯವಾಗಿ ಮಾರ್ಚಿ-ಏಪ್ರಿಲ್ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಸೂರ್ಯಾಸ್ತದ ಮೇಲೆ ಉಪಗ್ರಹ ತರಂಗಗಳು ಚಂಚಲವಾಗುವುದುಂಟು. ಹಗಲಿನಲ್ಲಿ ಕೆಲಸ ತೀರಿಸಿಕೊಳ್ಳುವುದು ಲೇಸು.

ಗ್ರಾಮ ಮುಖಂಡರಿಗೆ ಸೂಚನೆ

ಒಂದೇ ಠಾಣೆಯಿಂದ ಊರಿನ ಎಷ್ಟೇ ಟ್ರ್ಯಾಕ್ಟರುಗಳು ಸಂದೇಶ ಪಡೆಯಬಹುದಾದುದರಿಂದ, ಜಮೀನುದಾರರು ಕೂಡಿ ವೆಚ್ಚವನ್ನು ಹಂಚಿಕೊಳ್ಳುವುದು ಉತ್ತಮ. ಹದ್ದಿನ ವ್ಯಾಜ್ಯಗಳನ್ನು ಮಾತ್ರ ಈ ಯಂತ್ರದಿಂದ ತೀರ್ಮಾನಿಸಹೋಗಬಾರದು. ಅದಕ್ಕೆ ಭೂಮಾಪನ ಇಲಾಖೆಯ ದಾಖಲೆಯೇ ಪ್ರಮಾಣ. ಊರಿನವರು ಬಾಂದುಕಲ್ಲನ್ನು ಎಷ್ಟು ಎಚ್ಚರದಿಂದ ಕಾಯುವರೋ ಠಾಣೆಯ ಕಂಬವನ್ನೂ ಅಷ್ಟೇ ಎಚ್ಚರದಿಂದ ಕಾಯತಕ್ಕದ್ದು. ಅದಕ್ಕೆ ದನ ಕಟ್ಟುವುದಾಗಲಿ ಬಂಡಿ ತಗುಲಿಸುವುದಾಗಲಿ ಆಗದಂತೆ ಬೇಲಿ ಹಾಕಿಸಿ, ಅಂಕಿಗಳ ಪುಸ್ತಕದ ಒಂದು ಪ್ರತಿಯನ್ನು ಮುಖಂಡರು ತಮ್ಮಲ್ಲಿ ಇಟ್ಟುಕೊಳ್ಳುವುದು ಅಗತ್ಯ.