ಡಿಫ್ ಔಟ್‌ಪುಟ್ ಓದಿಸುವುದು: ಮೈನಸ್ ಎಂದರೆ ತಪ್ಪಲ್ಲ

ಕಂಪ್ಯೂಟರ್ ಪಾಠದಲ್ಲಿ ಮಕ್ಕಳು ಒಂದೇ ಫೈಲನ್ನು ಮತ್ತೆ ಮತ್ತೆ ತಿದ್ದಿ ಹಲವು ಪ್ರತಿಗಳನ್ನು ಮಾಡಿಕೊಳ್ಳುತ್ತಾರೆ. ನಿನ್ನೆಯ ಪ್ರತಿಗೂ ಇಂದಿನ ಪ್ರತಿಗೂ ಎಲ್ಲೆಲ್ಲಿ ವ್ಯತ್ಯಾಸವಿದೆ ಎಂದು ಕಣ್ಣಿನಿಂದಲೇ ಹುಡುಕುವುದು ಕಷ್ಟ. ಆ ಕೆಲಸಕ್ಕೆ ‘ಡಿಫ್’ ಎಂಬ ಸಾಧನವಿದೆ. ಇದು 1970ರ ದಶಕದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯೂನಿಕ್ಸ್‌ಗಾಗಿ ತಯಾರಾಯಿತು. ಇದರ ವಿಧಾನವನ್ನು ಜೇಮ್ಸ್ ಹಂಟ್ ಮತ್ತು ಡಗ್ಲಸ್ ಮ್ಯಾಕ್‌ಇಲ್‌ರಾಯ್ 1976ರಲ್ಲಿ ವಿವರಿಸಿದರು. ಸಾಧನವನ್ನು ನಡೆಸುವುದು ಸುಲಭ. ಅದು ಕೊಡುವ ಔಟ್‌ಪುಟ್ಟನ್ನು ಸರಿಯಾಗಿ ಓದುವುದನ್ನು ಮಾತ್ರ ಕಲಿಸಲೇಬೇಕು.

ಉದಾಹರಣೆ

ನಮ್ಮ ಭಾಗದ ಊರುಗಳ ನಾಲ್ಕು ಸಾಲಿನ ಒಂದು ಫೈಲ್ ಇದೆ ಎಂದುಕೊಳ್ಳೋಣ. ಅದನ್ನು ತಿದ್ದಿ ಐದು ಸಾಲಿನ ಹೊಸ ಪ್ರತಿ ಮಾಡಲಾಗಿದೆ. ‘-ಯು’ ಆಯ್ಕೆಯೊಂದಿಗೆ ಡಿಫ್ ನಡೆಸಿದಾಗ ಹೀಗೆ ಬರುತ್ತದೆ (ದಿನಾಂಕ, ಸಮಯವನ್ನು ಬಿಟ್ಟಿದೆ):

--- ಹಳೆಯದು
+++ ಹೊಸದು
@@ -1,4 +1,5 @@
 ಕಿತ್ತೂರು: ಕೋಟೆ
-ಬೈಲಹೊಂಗಲ: ಸಮಾಧಿ
+ಬೈಲಹೊಂಗಲ: ರಾಣಿ ಚೆನ್ನಮ್ಮನ ಸಮಾಧಿ
 ಸವದತ್ತಿ: ಯಲ್ಲಮ್ಮನ ಗುಡ್ಡ
+ಸವದತ್ತಿ: ನವಿಲುತೀರ್ಥ ಅಣೆಕಟ್ಟು
 ರಾಮದುರ್ಗ: ಗೊಡಚಿ ಜಾತ್ರೆ

ಮೊದಲ ಎರಡು ಸಾಲುಗಳು ಫೈಲುಗಳ ಹೆಸರು. ‘@@’ ಇರುವ ಸಾಲು ವಿಳಾಸವಿದ್ದಂತೆ: ಹಳೆಯ ಫೈಲಿನ 1ನೇ ಸಾಲಿನಿಂದ 4 ಸಾಲು, ಹೊಸ ಫೈಲಿನ 1ನೇ ಸಾಲಿನಿಂದ 5 ಸಾಲು ಇಲ್ಲಿವೆ. ಖಾಲಿ ಜಾಗದಿಂದ ಶುರುವಾಗುವ ಸಾಲು ಎರಡರಲ್ಲೂ ಇದೆ. ಮೈನಸ್ ಇರುವುದು ಹಳೆಯದರಲ್ಲಿ ಮಾತ್ರ, ಪ್ಲಸ್ ಇರುವುದು ಹೊಸದರಲ್ಲಿ ಮಾತ್ರ ಇದೆ. ಬೈಲಹೊಂಗಲದ ಸಾಲಿನಲ್ಲಿ ಸೇರಿದ್ದು ಎರಡೇ ಪದ. ಆದರೆ ಡಿಫ್‌ಗೆ ಸಾಲೇ ಅಳತೆ. ಆದ್ದರಿಂದ ಇಡೀ ಸಾಲನ್ನು ತೆಗೆದು ಇನ್ನೊಂದು ಸಾಲನ್ನು ಇಟ್ಟಂತೆ ತೋರಿಸುತ್ತದೆ.

ಮಕ್ಕಳು ಎಡವುವ ಜಾಗ

ಅನೇಕ ಪರದೆಗಳಲ್ಲಿ ಮೈನಸ್ ಸಾಲು ಕೆಂಪು, ಪ್ಲಸ್ ಸಾಲು ಹಸಿರು. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿ ಕಂಡು ರೂಢಿಯಾದ ಮಕ್ಕಳು ಕೆಂಪೆಂದರೆ ತಪ್ಪು, ಹಸಿರೆಂದರೆ ಸರಿ ಎಂದು ಓದುವುದು ಸಹಜ. ಇದನ್ನು ಹೋಗಲಾಡಿಸಲು ಎರಡು ಫೈಲುಗಳ ಹೆಸರನ್ನು ಹಿಂದುಮುಂದು ಮಾಡಿ ಡಿಫ್ ನಡೆಸಿ ತೋರಿಸಿದರೆ ಸಾಕು. ಮೈನಸ್ ಇದ್ದದ್ದು ಪ್ಲಸ್ ಆಗುತ್ತದೆ, ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. ತಪ್ಪು ಹೀಗೆ ತಿರುಗುಮುರುಗಾಗುವುದಿಲ್ಲವಲ್ಲ! ಮೊದಲ ಫೈಲನ್ನು ಎರಡನೆಯದನ್ನಾಗಿ ಮಾಡಲು ಏನು ತೆಗೆಯಬೇಕು, ಏನು ಸೇರಿಸಬೇಕು ಎಂಬ ಸೂಚನೆಯನ್ನಷ್ಟೇ ಡಿಫ್ ಕೊಡುತ್ತದೆ.

ತರಗತಿ ಚಟುವಟಿಕೆ

ಕಂಪ್ಯೂಟರ್ ಕಡಿಮೆ ಇರುವ ಶಾಲೆಯಲ್ಲಿ ಚೀಟಿಗಳೇ ಸಾಕು. ಹಳೆಯ ನಾಲ್ಕು ಸಾಲುಗಳನ್ನು ನಾಲ್ಕು ಚೀಟಿಗಳಲ್ಲಿ ಬರೆದು ಮೇಜಿನ ಮೇಲೆ ಸಾಲಾಗಿ ಇಡಬೇಕು. ಹೊಸ ಪಟ್ಟಿ ಕಪ್ಪುಹಲಗೆಯ ಮೇಲಿರಲಿ. ಎಲ್ಲ ನಾಲ್ಕನ್ನೂ ತೆಗೆದು ಐದನ್ನೂ ಹೊಸದಾಗಿ ಇಟ್ಟರೆ ಒಂಬತ್ತು ಹೆಜ್ಜೆ. ಒಂದನ್ನು ತೆಗೆದು ಎರಡನ್ನು ಸೇರಿಸಿದರೆ ಮೂರೇ ಹೆಜ್ಜೆ. ಕ್ರಮ ಕೆಡದಂತೆ ಆದಷ್ಟು ಹೆಚ್ಚು ಸಾಲುಗಳನ್ನು ಇದ್ದಲ್ಲೇ ಉಳಿಸಿಕೊಳ್ಳುವುದು ಡಿಫ್‌ನ ಗುರಿ ಎಂಬುದು ಮಕ್ಕಳ ಕೈಗೇ ತಿಳಿಯುತ್ತದೆ. ‘ಸಾಗಿಸು’ ಎಂಬ ಚಿಹ್ನೆ ಮಾತ್ರ ಇದರಲ್ಲಿ ಇಲ್ಲ. ಸಾಲೊಂದು ಜಾಗ ಬದಲಿಸಿದರೆ ಒಂದು ಕಡೆ ಮೈನಸ್, ಇನ್ನೊಂದು ಕಡೆ ಪ್ಲಸ್ ಬರುತ್ತದೆ.

ಕಾಣದ ವ್ಯತ್ಯಾಸ

ಕೆಲವೊಮ್ಮೆ ಮೈನಸ್ ಸಾಲು, ಪ್ಲಸ್ ಸಾಲು ಎರಡೂ ಒಂದೇ ಥರ ಕಾಣುತ್ತವೆ. ಸಾಲಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿರಬಹುದು. ಒಂದು ಫೈಲ್ ವಿಂಡೋಸ್‌ನಲ್ಲೂ ಇನ್ನೊಂದು ಲಿನಕ್ಸ್‌ನಲ್ಲೂ ಮಾಡಿದ್ದರೆ ಸಾಲು ಮುಗಿಸುವ ಗುರುತು ಬೇರೆಯಾಗಿ, ಎಲ್ಲ ಸಾಲುಗಳೂ ಬದಲಾದಂತೆ ಕಾಣಬಹುದು. ಕನ್ನಡದಲ್ಲಿ ಇನ್ನೊಂದು ಕಾರಣವೂ ಇದೆ. ‘ಗೊಡಚಿ’ಯ ‘ಗೊ’ ಅಕ್ಷರವನ್ನು ಯೂನಿಕೋಡ್‌ನಲ್ಲಿ ‘ಗ’ದ ಜೊತೆ ಒಕಾರದ ಒಂದೇ ಸಂಕೇತವಿಟ್ಟು ಬರೆಯಬಹುದು, ಎಕಾರ, ಊಕಾರಗಳ ಎರಡು ಸಂಕೇತಗಳನ್ನು ಒಂದರ ನಂತರ ಒಂದಿಟ್ಟೂ ಬರೆಯಬಹುದು. ಓದುವವರಿಗೆ ಎರಡೂ ಒಂದೇ, ಡಿಫ್‌ಗೆ ಬೇರೆ ಬೇರೆ.

ಮೌಲ್ಯಮಾಪನದಲ್ಲಿ ಎಚ್ಚರ

ವಿದ್ಯಾರ್ಥಿಯ ಪ್ರೋಗ್ರಾಂ ಕೊಟ್ಟ ಉತ್ತರವನ್ನು ಮಾದರಿ ಉತ್ತರದೊಂದಿಗೆ ಡಿಫ್‌ನಿಂದ ಹೋಲಿಸಿ ಅಂಕ ಕೊಡಬೇಕೆನಿಸುವುದುಂಟು. ಸಾಲಿನ ಕೊನೆಯ ಖಾಲಿ ಜಾಗಕ್ಕೆ, ಕೀಬೋರ್ಡ್ ಹುಟ್ಟಿಸಿದ ಸಂಕೇತಕ್ಕೆ ಮಗುವಿನ ಅಂಕ ಹೋದರೆ ಅದು ಅನ್ಯಾಯ. ವ್ಯತ್ಯಾಸ ಎಲ್ಲಿದೆ ಎಂದು ಸಾಧನ ತೋರಿಸುತ್ತದೆ. ಅದು ತಪ್ಪೇ, ತಿದ್ದುಪಡಿಯೇ, ಬೇರೆ ದಾರಿಯೇ ಎಂದು ನಿರ್ಧರಿಸುವುದು ಶಿಕ್ಷಕರ ಕೆಲಸ.

ಪಾಠದ ಕೊನೆಗೆ ಕೇಳಬಹುದಾದ ಪ್ರಶ್ನೆಗಳು

1. ಹಳೆಯ ಫೈಲಿನ ಸವದತ್ತಿ ಸಾಲನ್ನು ಎಲ್ಲಕ್ಕಿಂತ ಮೇಲಕ್ಕೆ ಸಾಗಿಸಿದರೆ ಎಷ್ಟು ಮೈನಸ್, ಎಷ್ಟು ಪ್ಲಸ್ ಬರುತ್ತವೆ?
2. ಡಿಫ್ ಏನನ್ನೂ ತೋರಿಸದಿದ್ದರೆ ಎರಡು ಫೈಲುಗಳ ಬಗ್ಗೆ ಏನು ಹೇಳಬಹುದು? ಅವುಗಳಲ್ಲಿ ಬರೆದದ್ದು ಸರಿ ಎಂದು ಹೇಳಬಹುದೇ?