ಕ್ರಿಸ್ತನನ್ನು ಅಳಿಸಹೊರಟ ಕೊತೊಕು ಶೂಸುಯಿ

ಸೆರೆಮನೆಯಲ್ಲಿ ಮರಣವನ್ನು ಎದುರುನೋಡುತ್ತಿದ್ದವನೊಬ್ಬನು ತನ್ನ ಕೊನೆಯ ಗ್ರಂಥಕ್ಕೆ ಕ್ರಿಸ್ತನನ್ನು ವಿಷಯವಾಗಿ ಆರಿಸಿಕೊಂಡನು. ಆರಾಧಿಸುವುದಕ್ಕಲ್ಲ, ಇತಿಹಾಸದಿಂದಲೇ ಅಳಿಸಿಬಿಡುವುದಕ್ಕೆ. ಜಪಾನಿನ ಅರಾಜಕತಾವಾದಿ ಕೊತೊಕು ಶೂಸುಯಿ ಬರೆದ ಈ ಕೃತಿ, ಆತನು ಗಲ್ಲಿಗೇರಿದ ಮೇಲೆ 1911ರಲ್ಲಿ ಪ್ರಕಟವಾಯಿತು. ಯೇಸು ಐತಿಹಾಸಿಕ ವ್ಯಕ್ತಿಯಲ್ಲ, ಶಿಲುಬೆಯು ಪ್ರಾಚೀನ ಲಿಂಗಪೂಜೆಯ ಕುರುಹು ಎಂಬುದು ಅದರ ವಾದ. ಪಾಶ್ಚಾತ್ಯ ನಾಸ್ತಿಕರಿಂದ ಎರವಲು ಪಡೆದ ಈ ವಾದವು ವಿದ್ವತ್ತಿನ ದೃಷ್ಟಿಯಿಂದ ದುರ್ಬಲವೇ ಸರಿ. ಆದರೂ ಆತನ ಜೀವನವನ್ನು ಅರಿತವರು ಅದನ್ನು ಅಷ್ಟಕ್ಕೇ ಮುಚ್ಚಿಡಲಾರರು.

1871ರಲ್ಲಿ ತೊಸಾ ಪ್ರಾಂತದ ನಕಮುರಾದಲ್ಲಿ ಹುಟ್ಟಿದ ಕೊತೊಕು, ನಕಾಯೆ ಚೋಮಿನ್ ಎಂಬ ಪ್ರಜಾಪ್ರಭುತ್ವವಾದಿಯ ಶಿಷ್ಯನಾಗಿ, ಬಳಿಕ ಪತ್ರಕರ್ತನಾದನು. 1901ರಲ್ಲಿ ಸಾಮ್ರಾಜ್ಯಶಾಹಿಯನ್ನು ಖಂಡಿಸಿ ಆತನು ಬರೆದ ಪುಸ್ತಕಕ್ಕೆ ಮುನ್ನುಡಿಯಿತ್ತವರು ಉಚಿಮುರಾ ಕಾನ್ಜೊ, ಸಭಾಸಂಸ್ಥೆಯಿಲ್ಲದ ಕ್ರೈಸ್ತತ್ವವನ್ನು ಬೋಧಿಸಿದ ಸುವಾರ್ತಾನಿಷ್ಠರು. ಅದೇ ವರ್ಷ ಸಮಾಜವಾದೀ ಪಕ್ಷವೊಂದನ್ನು ಸ್ಥಾಪಿಸಿದ ಆರು ಮಂದಿಯಲ್ಲಿ ಕ್ರೈಸ್ತನಲ್ಲದವನು ಕೊತೊಕು ಒಬ್ಬನೇ. ಸರಕಾರವು ಆ ಪಕ್ಷವನ್ನು ಕೂಡಲೇ ನಿಷೇಧಿಸಿತು. 1903ರಲ್ಲಿ ತಾವು ದುಡಿಯುತ್ತಿದ್ದ ಪತ್ರಿಕೆಯು ರಷ್ಯದೊಡನೆ ಯುದ್ಧವನ್ನು ಬೆಂಬಲಿಸತೊಡಗಿದಾಗ, ಉಚಿಮುರಾ, ಕೊತೊಕು ಮತ್ತು ಸಕಾಯಿ ತೊಶಿಹಿಕೊ ಒಟ್ಟಿಗೆ ರಾಜೀನಾಮೆಯಿತ್ತರು. ಒಬ್ಬರಿಗೆ ಯುದ್ಧವಿರೋಧದ ಆಧಾರ ಪವಿತ್ರಗ್ರಂಥ, ಮತ್ತಿಬ್ಬರಿಗೆ ಸಮಾಜವಾದ. ವಿಶ್ವಾಸದ ಭೇದವು ಅವರನ್ನು ಆ ದಿನ ಬೇರ್ಪಡಿಸಲಿಲ್ಲ.

1905ರ ಸೆರೆವಾಸದಲ್ಲಿ ಕ್ರೊಪೊಟ್ಕಿನನನ್ನು ಓದಿ, ಅಮೆರಿಕಕ್ಕೆ ಹೋಗಿಬಂದ ಕೊತೊಕು, ಸಂಸದೀಯ ಮಾರ್ಗದಲ್ಲಿ ನಂಬಿಕೆಯನ್ನೇ ಕಳೆದುಕೊಂಡನು. 1910ರಲ್ಲಿ ಚಕ್ರವರ್ತಿಯ ಹತ್ಯೆಯ ಸಂಚಿನ ಆರೋಪ ಬಂದಿತು. ಮುಚ್ಚಿದ ಬಾಗಿಲಿನ ವಿಚಾರಣೆಯಲ್ಲಿ 24 ಮಂದಿಗೆ ಮರಣದಂಡನೆಯಾಯಿತು. ಅವರಲ್ಲಿ 12 ಮಂದಿಯ ಶಿಕ್ಷೆ ಜೀವಾವಧಿಗಿಳಿಯಿತು. ಉಳಿದವರಲ್ಲಿ ಹೆಚ್ಚಿನವರಿಗೆ ಆ ಸಂಚಿನೊಡನೆ ನಿಜವಾದ ಸಂಬಂಧವಿರಲಿಲ್ಲವೆಂಬುದು ಇಂದಿನ ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಗಲ್ಲಿಗೇರಿದವರಲ್ಲಿ ದೀಕ್ಷಾಸ್ನಾನ ಹೊಂದಿದ ವೈದ್ಯ ಓಯಿಶಿ ಸೆಯಿನೊಸುಕೆ ಇದ್ದನು, ಜೆನ್ ಸಂನ್ಯಾಸಿ ಉಚಿಯಾಮಾ ಗುದೋ ಸಹ ಇದ್ದನು.

ಸಿಂಹಾಸನವನ್ನು ದೇವವಂಶದ್ದೆಂದು ಸಾರುವ ರಾಜ್ಯದಲ್ಲಿ ಪುರಾಣಮೂಲದ ದೈವತ್ವವನ್ನು ನೇರವಾಗಿ ಪ್ರಶ್ನಿಸುವುದು ಅಸಾಧ್ಯವಾಗಿತ್ತು. ಆದುದರಿಂದ ಕ್ರಿಸ್ತನ ಹೆಸರಿನ ಮರೆಯಲ್ಲಿ ಕೊತೊಕುವಿನ ಗುರಿ ಚಕ್ರವರ್ತಿಯೇ ಎಂದು ಕೆಲವರು ಓದಿದ್ದಾರೆ. ಈ ಓದು ಆಕರ್ಷಕವಾದರೂ, ಆತನ ಕ್ರೈಸ್ತವಿರೋಧವನ್ನು ಕೇವಲ ಮುಖವಾಡವೆನ್ನುವುದು ನಮ್ಮ ಸಮಾಧಾನಕ್ಕಾಗಿ ನಾವು ಮಾಡಿಕೊಳ್ಳುವ ಉಪಾಯವೂ ಆಗಬಹುದು.

ಕೊತೊಕುವಿನ ಮರಣದಂಡನೆಯಾದ ಎಂಟು ದಿನಗಳಿಗೆ, 1911ರ ಫೆಬ್ರವರಿ 1ರಂದು, ಕ್ರೈಸ್ತ ಲೇಖಕ ತೊಕುತೊಮಿ ರೋಕಾ ಟೋಕಿಯೋದ ಪ್ರಥಮ ಉನ್ನತ ಶಾಲೆಯ ವಿದ್ಯಾರ್ಥಿಗಳ ಮುಂದೆ ನಿಂತು, ಸತ್ತವರ ಪರವಾಗಿ ಬಹಿರಂಗವಾಗಿ ಮಾತನಾಡಿದನು. ಅಲ್ಲಿಯ ಮುಖ್ಯಸ್ಥ ನಿತೊಬೆ ಇನಾಜೊ, ಕ್ವೇಕರ್ ಪಂಥದವರು, ಇದಕ್ಕಾಗಿ ಸರಕಾರದ ಛೀಮಾರಿಗೆ ಗುರಿಯಾದರು. ಇಪ್ಪತ್ತು ವರ್ಷಗಳ ಹಿಂದೆ ಅರಸಾಜ್ಞೆಯ ಪತ್ರಕ್ಕೆ ತಲೆ ಬಾಗಿಸಲು ಹಿಂಜರಿದು ಉಚಿಮುರಾ ಉದ್ಯೋಗ ಕಳೆದುಕೊಂಡದ್ದೂ ಇದೇ ಶಾಲೆಯಲ್ಲಿ.